ಹೊಳೆಕೊಪ್ಪದ ಕಲ್ಲಿನ ಹಿಂಭಾಗ

ಮ್ಯೂಸಿಯಂ ಕೆಲಸಕ್ಕೆ ಹೊಸದಾಗಿ ಸೇರಿದವರು ಅಪರೂಪಕ್ಕೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ತಾಳೆಗರಿಗೆ ಹುಳ ಹಿಡಿಯದಂತೆ ಏನು ಮಾಡುತ್ತಿದ್ದಿರಿ, ಶಾಸನದ ಪಡಿಯಚ್ಚು ಹೇಗೆ ತೆಗೆಯುತ್ತಿದ್ದಿರಿ ಎಂದೆಲ್ಲ ಕೇಳುತ್ತಾರೆ. ಅವೆಲ್ಲ ಈಗ ಪುಸ್ತಕಗಳಲ್ಲಿ ಸಿಗುತ್ತವೆ. ನನಗೆ ಹೇಳಬೇಕಾಗಿರುವುದು ಸೀಮೆಸುಣ್ಣದ ವಿಷಯ. ಒಂದು ಕಡ್ಡಿ ಸೀಮೆಸುಣ್ಣವನ್ನು ನಂಬಿ ನಾನು ಮಾಡಿದ ಕೆಲಸದಿಂದ ಒಬ್ಬ ಹೆಂಗಸಿನ ಪಾಲಿಗೆ ಅವಳ ಹಿರಿಯರ ಕಲ್ಲು ಉಳಿಯಿತೋ, ತಪ್ಪಿಹೋಯಿತೋ ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನಮಗೆ ಕಲಿಸಿದ ಮೊದಲ ಪಾಠವೇ ಅದು: ನೋಡಿದವನು ಹೇಳಿದ ಮಾತ್ರಕ್ಕೆ ನಿಜವಲ್ಲ, ನಲವತ್ತು ವರ್ಷ ಬಿಟ್ಟು ಹೇಳಿದರಂತೂ ಅಲ್ಲವೇ ಅಲ್ಲ. ಆಗಿನ ನನ್ನ ಒಂದು ನೋಟ್‌ಬುಕ್ ಮಾತ್ರ ಉಳಿದಿದೆ. ಅದರಲ್ಲಿ ನಂಬರು, ಊರು, ಅಳತೆ ಬಿಟ್ಟರೆ ಬೇರೇನೂ ಇಲ್ಲ. ಯಾರು ಏನು ಹೇಳಿದರು ಎಂಬುದಕ್ಕೆ ಅಂಕಣವೇ ಇರಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಮೊದಲಲ್ಲಿ, ಸಾಗರದಲ್ಲಿ. ಊರಿನ ಪಾರ್ಕಿನ ನಡುವೆ ಹೆಂಚಿನ ಒಂದು ಕಟ್ಟಡ, ಅದರಲ್ಲಿ ಎರಡು ಕೋಣೆ, ಮುಂದೆ ಒಂದು ಅಂಗಳ. ಅದೇ ಮ್ಯೂಸಿಯಂ. ಪಾರ್ಕಿನಲ್ಲಿ ಕಂಬದ ಮೇಲೆ ರೇಡಿಯೊದ ಧ್ವನಿವರ್ಧಕ ಇತ್ತು. ಸಂಜೆ ವಾರ್ತೆ ಶುರುವಾಗುವ ಹೊತ್ತಿಗೆ ಸಿಮೆಂಟಿನ ಬೆಂಚುಗಳೆಲ್ಲ ತುಂಬುತ್ತಿದ್ದವು. ಆ ಜನರಲ್ಲಿ ಒಬ್ಬರೂ ನಮ್ಮ ಕಡೆ ತಿರುಗಿ ನೋಡುತ್ತಿರಲಿಲ್ಲ. ಮಳೆ ಬಂದರೆ ಮಾತ್ರ ಎಲ್ಲರೂ ಒಂದೇ ಓಟಕ್ಕೆ ಒಳಗೆ ಬರುತ್ತಿದ್ದರು. ನಮ್ಮ ಸಿಬ್ಬಂದಿ ಮಂಜಪ್ಪ ಬಾಗಿಲಲ್ಲಿ ನಿಂತು ತಲೆ ಎಣಿಸಿ ಬರೆದುಕೊಳ್ಳುತ್ತಿದ್ದ. ಕಸ ಗುಡಿಸುವುದು, ಗಿಡಕ್ಕೆ ನೀರು, ಕಾವಲು, ಬಂದವರಿಗೆ ವಿವರಣೆ ಎಲ್ಲ ಅವನದೇ. ತುಮರಿ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದ ಸಾಹೇಬರು ಆ ಪುಸ್ತಕ ನೋಡಿ, "ಏನ್ರೀ ಇದು, ನಿಮ್ಮೂರ ಜನಕ್ಕೆ ಜುಲೈನಲ್ಲಿ ಮಾತ್ರ ಇತಿಹಾಸದ ಮೇಲೆ ಪ್ರೀತಿ ಬರ್ತದಲ್ಲ?" ಎಂದರು. ಮಂಜಪ್ಪ ಗಂಭೀರವಾಗಿ, "ಆಗಸ್ಟಲ್ಲೂ ಬರ್ತದೆ ಸಾರ್" ಎಂದ.

ಒಳಗೆ ಇದ್ದದ್ದಾದರೂ ಎಷ್ಟು? ಒಂದಿಷ್ಟು ನಾಣ್ಯ, ತುಕ್ಕು ಹಿಡಿದ ಕತ್ತಿ, ಭತ್ತ ಅಳೆಯುವ ಕೊಳಗ, ಮರದ ಬೀಸಣಿಗೆ, ಬೆತ್ತದ ತೊಟ್ಟಿಲು. ಒಮ್ಮೆ ಇಬ್ಬರು ರೈತರು ಕೊಳಗದ ಮುಂದೆ ನಿಂತಿದ್ದರು. ಒಬ್ಬ ಹೇಳಿದ: "ಇದು ನಮ್ಮನೇಲೂ ಅದೆ ಮಾರಾಯಾ." ಇನ್ನೊಬ್ಬ: "ಹಾಂಗಾದ್ರೆ ನೀನೂ ಒಂದು ಬೋರ್ಡ್ ಬರ್ಸಿ ಬಾಗ್ಲಲ್ಲಿ ಕೂರು. ಗದ್ದೆ ಕೆಲ್ಸಕ್ಕಿಂತ ವಾಸಿ." ನಾನು ಪಕ್ಕದ ಮೇಜಿನಲ್ಲೇ ಕೂತಿದ್ದೆ. ನಗಲು ಆಗಲಿಲ್ಲ. ಪ್ರೊಬೇಷನ್ನಿನಲ್ಲಿದ್ದೆ. ಮನೆಯಲ್ಲಿ ಮದುವೆಗೆ ಇಬ್ಬರು ತಂಗಿಯರು. ಕೆಲಸ ಕಾಯಂ ಆಗುವುದೋ ಇಲ್ಲವೋ ಎನ್ನುವ ಚಿಂತೆ ಬಿಟ್ಟರೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ ಎಂದೇ ಹೇಳಬೇಕು.

ನನ್ನ ಮೊದಲ ಪೆಟ್ಟು ಬಿದ್ದದ್ದು ತೀರ್ಥಹಳ್ಳಿಯಲ್ಲಿ. ಅಲ್ಲಿನ ಹಿರಿಯ ಪಟೇಲರೊಬ್ಬರು ಹಿತ್ತಾಳೆಯ ಒಂದು ಅಡಕತ್ತರಿ ಕೊಡುತ್ತೇವೆಂದು ಹೇಳಿ ಕಳಿಸಿದರು. ಇಕ್ಕೇರಿಯ ರಾಣಿ ತಾಂಬೂಲಕ್ಕೆ ಬಳಸಿದ್ದಂತೆ. ನಾನು ತಿರುಗಿಸಿ ನೋಡಿದೆ. ನೂರು ವರ್ಷಕ್ಕಿಂತ ಹಳೆಯದಲ್ಲ ಎಂದು ಅನಿಸಿತು. ಹಾಗೆಂದು ಬಾಯಿಬಿಟ್ಟು ಹೇಳಿದೆ. ಪಟೇಲರು ಸಿಟ್ಟಾಗಲಿಲ್ಲ. "ಆತು ಬಿಡಿ. ರಾಣಿದಲ್ದಿದ್ರೆ ನಂಗೇ ಆತದೆ. ಅಡಿಕೆ ಕತ್ತರ್ಸಕ್ಕಂತೂ ಬತ್ತದೆ" ಎಂದು ಅಲ್ಲೇ ಒಂದು ಅಡಿಕೆ ಹಿಡಿದು ಕಟಕ್ಕೆಂದು ಎರಡು ಹೋಳು ಮಾಡಿ ನನ್ನ ಕೈಗಿಟ್ಟರು. ವಾರದೊಳಗೆ ಸಾಹೇಬರಿಂದ ಪತ್ರ ಬಂತು. ಪಟೇಲರು ದೊಡ್ಡವರಿಗೆ ಬೇಕಾದವರಂತೆ. ನಾನು ಹೋಗಿ ಆ ವಸ್ತುವನ್ನು ಗೌರವದಿಂದ ತರಬೇಕಂತೆ. ಮತ್ತೆ ಬಸ್ಸು ಹತ್ತಿದೆ. "ಏನು ಮೇಷ್ಟ್ರೆ, ಒಂದ್ವಾರದಲ್ಲಿ ರಾಣೀದಾಗಿ ಹೋತಾ?" ಎಂದು ಪಟೇಲರು ನಕ್ಕರು. ಓದಿದವರನ್ನೆಲ್ಲ ಆ ಕಡೆ ಮೇಷ್ಟ್ರೆ ಎಂದೇ ಕರೆಯುತ್ತಿದ್ದರು. ನಾನು 'ರಾಣಿಯವರದೆಂದು ಹೇಳಲಾಗುತ್ತದೆ' ಎಂದು ಲೇಬಲ್ ಬರೆದೆ. ಸಾಹೇಬರು ಕೆಂಪು ಶಾಯಿಯಲ್ಲಿ 'ಹೇಳಲಾಗುತ್ತದೆ' ಹೊಡೆದು ಹಾಕಿದರು. "ನೋಡಿ, ಜನ ಬಸ್ ಚಾರ್ಜ್ ಕೊಟ್ಟು ಬರೋದು ನಿಮ್ಮ ಅನುಮಾನ ಓದೋಕಲ್ಲ. ಗೊತ್ತಿದ್ರೆ ಬರೀರಿ, ಗೊತ್ತಿಲ್ದಿದ್ರೆ ತಿಳ್ಕೊಂಡು ಬರೀರಿ. ನಡುವಿನದು ಬೇಡ."

ಅವರು ಕೆಟ್ಟ ಮನುಷ್ಯರಲ್ಲ. ಆದರೆ ಆ ಕೆಂಪು ಗೆರೆ ನನ್ನೊಳಗೆ ಆಳವಾಗಿ ಕೂತುಬಿಟ್ಟಿತು.

ಲಿಂಗನಮಕ್ಕಿಯ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ ಅದು. ಶರಾವತಿಯ ಎರಡೂ ದಡದ ಊರುಗಳು ಖಾಲಿಯಾಗುತ್ತಿದ್ದವು. ನೀರು ಏರುವ ಮೊದಲು ಆ ಊರುಗಳಲ್ಲಿ ಇಡುವಂಥದ್ದು ಏನಿದೆಯೋ ಅದನ್ನು ತರಬೇಕೆಂದು ನನಗೆ ಆದೇಶ ಬಂತು. ಒಂದು ಲಾರಿ, ನಾಲ್ಕು ಆಳು, ಎರಡು ದಿನ. ಎರಡು ದಿನದಲ್ಲಿ ಎಷ್ಟು ಊರಿನ ಇತಿಹಾಸ ತರಬಹುದು? ನಾನು ವೀರಗಲ್ಲುಗಳನ್ನು ಆರಿಸಿಕೊಂಡೆ. ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಕೆಳಗೆ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಮುಂದೆ ಕೈಮುಗಿದು ಕೂತ ಅವನೇ. ಊರಿನವರು ಅದನ್ನು ಹಿರಿಯ ಎಂದೇ ಕರೆದು ಎಡೆ ಇಡುತ್ತಿದ್ದರು.

ಮೊದಲ ದಿನ ಹೊಳೆಕೊಪ್ಪ ಮತ್ತು ಬೆಟ್ಟಬೈಲು ಎಂಬ, ಆಗಲೇ ಖಾಲಿಯಾಗಿದ್ದ ಎರಡು ಊರುಗಳಿಂದ ಎರಡು ಕಲ್ಲು ತೆಗೆದೆವು. ಎರಡರಲ್ಲೂ ಅಕ್ಷರವಿಲ್ಲ. ಎರಡೂ ಮೂರು ಪಟ್ಟಿಯವು. ನೋಟ್‌ಬುಕ್ಕಿನ ಪ್ರಕಾರ ಎತ್ತರದಲ್ಲಿ ಒಂದು ಇಂಚಿನ ವ್ಯತ್ಯಾಸ. ಅಗೆದು ತೆಗೆಯುವಾಗ ಎರಡರ ಬುಡವೂ ಚೂರು ಮುಕ್ಕಾದ್ದರಿಂದ ಆ ಇಂಚಿಗೂ ಬೆಲೆ ಇಲ್ಲ. ಅಗೆದ ಕೂಡಲೇ ಮುಖ ಮೇಲೆ ಮಾಡಿ ಹುಲ್ಲಿನ ಮೇಲೆ ಮಲಗಿಸುತ್ತಿದ್ದೆವು. ನಾನು ಬದಿಯಲ್ಲಿ ಸೀಮೆಸುಣ್ಣದಿಂದ ನಂಬರು ಬರೆಯುತ್ತಿದ್ದೆ. ಬಣ್ಣದ ಡಬ್ಬಿ ಕೊಡಿ ಎಂದು ಕಚೇರಿಗೆ ಕೇಳಿದ್ದೆ. ಮಂಜೂರಾಗಿ ಬರಲಿಲ್ಲ. ಸಂಜೆ ಸಾಗರಕ್ಕೆ ಹೋದ ಮೇಲೆ ಬಣ್ಣದಲ್ಲಿ ಬರೆದರಾಯಿತು ಎಂದುಕೊಂಡೆ.

ಮಧ್ಯಾಹ್ನ ದಾರಿಯಲ್ಲಿ ಇನ್ನೊಂದು ಊರಿನಲ್ಲಿ ಊಟಕ್ಕೆ ನಿಂತೆವು. ಅಲ್ಲಿ ಇನ್ನೂ ನಾಲ್ಕೈದು ಮನೆ ಖಾಲಿಯಾಗಿರಲಿಲ್ಲ. ಜಗುಲಿಗೆ ಹತ್ತುವ ಮೊದಲು ಮನೆಯಾಕೆ ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟಳು. ಊಟವಾಯಿತು. ಎಲೆ ಅಡಿಕೆಯಾಯಿತು. ಹೊರಗೆ ಬಂದು ನೋಡುತ್ತೇನೆ, ಆ ಮನೆಯ ಮೂರು ಹೆಂಗಸರು ಲಾರಿಯ ಮೇಲೆ ಹತ್ತಿ ನಿಂತಿದ್ದಾರೆ. ಕೊಡಗಟ್ಟಲೆ ನೀರು ಹೊಯ್ದು, ಎರಡೂ ಕಲ್ಲನ್ನು ತಿಕ್ಕಿ ತೊಳೆದು, ಮೇಲೆ ದಾಸವಾಳ ಇಟ್ಟಿದ್ದಾರೆ. ಬದಿಯಲ್ಲಿ ನನ್ನ ನಂಬರಿನ ಒಂದು ಗೆರೆಯೂ ಉಳಿದಿರಲಿಲ್ಲ.

"ಏನಮ್ಮಾ ಇದು? ಯಾರು ತೊಳೀರಿ ಅಂದ್ರು?" ಎನ್ನುತ್ತ ಲಾರಿಯ ಬಳಿಗೆ ಓಡಿದೆ.

ಮನೆಯಾಕೆಗೆ ಅರ್ಥವೇ ಆಗಲಿಲ್ಲ. "ನೀವು ಬಂದ್ರಿ, ನಿಮ್ಗೆ ಕೊಟ್ಟಿವಿ. ಅವ್ರೂ ಬೇರೆ ಊರಿಂದ ಬಂದೋರಲ್ದಾ? ಬಂದವ್ರಿಗೆ ಕಾಲಿಗೆ ನೀರು ಕೊಡ್ದೆ ಇರಕ್ಕಾಗ್ತದಾ?"

ನನ್ನ ಕಾಲು ಇನ್ನೂ ಒದ್ದೆಯಾಗಿತ್ತು.

ಆಳುಗಳನ್ನು ಕೇಳಿದೆ. ಒಬ್ಬ ಹಿಂದಿನದು ಹೊಳೆಕೊಪ್ಪದ್ದು ಎಂದ. ಇನ್ನೊಬ್ಬ, "ಅಲ್ದೋ, ಏರಲ್ಲಿ ಲಾರಿ ಜಾರ್ತು ಅಂತ ಜಾಗ ಬದ್ಲಾಯ್ಸಿದ್ವಲ್ಲ" ಎಂದ. ನನಗೆ ಬೆಳಿಗ್ಗೆಯ ಚಿತ್ರ ನೆನಪಿತ್ತು. ಹೊಳೆಕೊಪ್ಪದ ಕಲ್ಲಿನಲ್ಲಿ ವೀರನ ಬಿಲ್ಲು ಸ್ವಲ್ಪ ಬಾಗಿದಂತೆ ಇತ್ತು ಎಂದು. ಎರಡರಲ್ಲೂ ಬಿಲ್ಲು ಬಾಗಿಯೇ ಇತ್ತು. ಬಿಲ್ಲು ಬಾಗದೆ ಹೇಗಿರುತ್ತದೆ? ಆದರೂ ಒಂದನ್ನು ಹೊಳೆಕೊಪ್ಪ ಎಂದು ತೀರ್ಮಾನಿಸಿದೆ. ಆ ಕ್ಷಣದಲ್ಲಿ ನನಗೆ ಖಚಿತವಾಗಿ ಹಾಗೆ ಅನಿಸಿತ್ತೋ, ಖಚಿತವೆಂದು ಆಮೇಲೆ ನಾನೇ ಹೇಳಿಕೊಂಡೆನೋ, ಬೇರ್ಪಡಿಸಿ ಹೇಳಲಾರೆ. ಸಂಜೆ ಕಪ್ಪು ಬಣ್ಣ ತರಿಸಿ ನಂಬರು ಬರೆದೆ. ಹೊಳೆಕೊಪ್ಪ ಎಂದು ಬರೆದದ್ದನ್ನು ಅಂಗಳದಲ್ಲಿ ಬಾಗಿಲಿನ ಎಡಕ್ಕೆ, ಬೆಟ್ಟಬೈಲು ಎಂದು ಬರೆದದ್ದನ್ನು ಬಲಕ್ಕೆ, ಗೋಡೆಗೆ ಒತ್ತಿ ಸಿಮೆಂಟು ಹಾಕಿ ನಿಲ್ಲಿಸಿದೆವು. ಲೇಬಲ್ ಹಲಗೆಯಲ್ಲಿ 'ಬಹುಶಃ' ಎಂದು ಬರೆಯಲು ಕೈ ಹೋಗಿತ್ತು. ಕೆಂಪು ಗೆರೆ ನೆನಪಾಗಿ ಬಿಟ್ಟೆ.

ಬಂಗಾರಮ್ಮ ಬಂದದ್ದು ನೀರು ತುಂಬಿದ ಮರುವರ್ಷ. ಐವತ್ತು ದಾಟಿದ ಹೆಂಗಸು. ಹೊಳೆಕೊಪ್ಪದಲ್ಲಿ ಗೇಣಿಗೆ ಗದ್ದೆ ಮಾಡಿಕೊಂಡಿದ್ದವರ ಮನೆ. ಊರು ಮುಳುಗಿದ ಮೇಲೆ ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರ ಹೊಸ ಜಾಗಕ್ಕೆ ಹೋಗಿದ್ದರು. ಹಿರಿಯನ ಕಲ್ಲು ಸಾಗರದಲ್ಲಿದೆ ಎಂದು ಕೇಳಿ, ಮೊದಲ ಬೆಳೆಯ ನಾಲ್ಕು ತೆನೆಯನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಮಗ ಈರಪ್ಪನ ಜೊತೆ ಬಸ್ಸಿನಲ್ಲಿ ಬಂದಿದ್ದಳು. ಹೊಸ ತೆನೆ ಹಿರಿಯನಿಗೆ ಇಡದೆ ಮನೆಯಲ್ಲಿ ಅನ್ನ ಮಾಡುವ ಪದ್ಧತಿ ಅವರಲ್ಲಿರಲಿಲ್ಲ.

ಹೊಳೆಕೊಪ್ಪದವರು ಎಂದಷ್ಟೇ ಮಂಜಪ್ಪನಿಗೆ ಹೇಳಿ, ಅವಳು ಅಂಗಳಕ್ಕೆ ಬಂದವಳೇ ನೇರವಾಗಿ ಬಲಗಡೆಯ ಕಲ್ಲಿನ ಮುಂದೆ ಕೂತಳು. ಬೆಟ್ಟಬೈಲು ಎಂದು ನಾನು ಬರೆದಿದ್ದ ಕಲ್ಲು. ಒಳಗೆ ಮೇಜಿನಿಂದ ನಾನು ನೋಡುತ್ತಿದ್ದೆ.

ಮಂಜಪ್ಪ ಹೋಗಿ, "ಅಮ್ಮಾ, ಅದು ನಿಮ್ದಲ್ಲ. ಹೊಳೆಕೊಪ್ಪದ್ದು ಈ ಕಡೆದು" ಎಂದ.

"ಇದೇ ನಮ್ದು."

"ಬೋರ್ಡಲ್ಲಿ ಬರ್ದದೆ ನೋಡಿ."

ಬಂಗಾರಮ್ಮನಿಗೆ ಓದು ಬರುತ್ತಿರಲಿಲ್ಲ. ಮಗನನ್ನು ನೋಡಿದಳು. ಈರಪ್ಪ ಅಕ್ಷರ ಕೂಡಿಸಿ ಓದಿ, "ಹೌದಬೆ, ಆ ಎಡಗಡೆದು ಹೊಳೆಕೊಪ್ಪ ಅಂತದೆ" ಎಂದ. ಅವಳು ಬಲಗಡೆಯ ಕಲ್ಲನ್ನು ಇನ್ನೊಮ್ಮೆ ನೋಡಿದಳು. "ಬರ್ದೋರಿಗೆ ಗೊತ್ತಿರ್ತದೆ. ನಂಗೆ ಕಣ್ಣು ಮೊದ್ಲಿನಾಂಗೆ ಕಾಣದಿಲ್ಲ" ಎಂದು ಎದ್ದು, ತೆನೆಯನ್ನು ಎಡಗಡೆಯ ಕಲ್ಲಿಗೆ ಇಟ್ಟಳು.

ನಾನು ಎದ್ದು ಹೊರಗೆ ಹೋಗಬೇಕಿತ್ತು. ಕೂತೇ ಇದ್ದೆ. ಒಬ್ಬ ಹಳ್ಳಿಯ ಹೆಂಗಸಿನ ನೆನಪು ದಾಖಲೆಯಾಗುವುದಿಲ್ಲ ಎಂದು ನನ್ನ ಓದು ಹೇಳುತ್ತಿತ್ತು. ಆದರೆ ದಾಖಲೆ ಯಾವುದು? ನಾನೇ ಒಂದು ಸಂಜೆ ಅಂದಾಜಿನ ಮೇಲೆ ಬರೆದ ಹಲಗೆ. ಮುಂದಿನ ಎರಡು ವರ್ಷವೂ ಅವಳು ಬಂದಳು. ಎರಡೂ ಸಲ ಯೋಚಿಸದೆ ಎಡಕ್ಕೇ ಹೋದಳು. ಅದನ್ನು ನೋಡಿ ನನಗೆ ಸಮಾಧಾನವಾಯಿತೆಂದು ಬರೆದರೆ ಸುಳ್ಳು, ಆಗಲಿಲ್ಲವೆಂದು ಬರೆದರೂ ಸುಳ್ಳು.

ಆಗ ಆ ಆದೇಶ ಬಂತು. ಬೆಂಗಳೂರಿನ ದೊಡ್ಡ ಮ್ಯೂಸಿಯಂಗೆ ಮಲೆನಾಡಿನ ಒಂದು ವೀರಗಲ್ಲು ಬೇಕು. ಸಾಗರದಲ್ಲಿ ಒಂದೇ ಬಗೆಯವು ಎರಡಿವೆ, ಒಂದನ್ನು ಕಳಿಸಿ. ಸಾಹೇಬರು ಖುದ್ದು ಬಂದಾಗ ಹೇಳಿದರು: "ಹೊಳೆಕೊಪ್ಪದ್ದು ಬೇಡ ಕಣ್ರೀ. ಆ ಜನ ವರ್ಷಾ ವರ್ಷಾ ಬರ್ತಾರೆ ಅಂತೀರಿ. ಪಾಪ, ಊರು ಹೋಯ್ತು, ಅದೊಂದಾದ್ರೂ ಇರ್ಲಿ. ಬೆಟ್ಟಬೈಲಿನೋರು ಒಬ್ರೂ ಬಂದು ಕೇಳಿಲ್ಲವಲ್ಲ, ಅದನ್ನ ಕಳಿಸಿ. ಮುಂದಿನ ವಾರ ಲಾರಿ ಬರ್ತದೆ." ಹೋಗುವಾಗ, "ನಿಮ್ಮ ಕನ್ಫರ್ಮೇಷನ್ ಫೈಲು ನನ್ನ ಮೇಜಿನ ಮೇಲೇ ಇದೆ" ಎಂದು ನಕ್ಕು ಬೆನ್ನು ತಟ್ಟಿದರು.

ಅವರ ದಯೆಯೇ ನನಗೆ ಉರುಳಾಯಿತು. ಬಂಗಾರಮ್ಮನ ಮೊದಲ ದಿನದ ಕಣ್ಣು ಸರಿಯಿದ್ದರೆ, ಉಳಿಯಲಿ ಎಂದು ಅವರು ಹೇಳಿದ ಕಲ್ಲೇ ಲಾರಿ ಹತ್ತುತ್ತದೆ. ನಾನು ಬಾಯಿ ಬಿಟ್ಟರೆ, ಸೀಮೆಸುಣ್ಣದ ಕಥೆ, ಅಂದಾಜಿನ ಲೇಬಲ್, ಮೂರು ವರ್ಷದ ಮೌನ ಎಲ್ಲ ಹೊರಗೆ ಬರುತ್ತದೆ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಮಂಜಪ್ಪನನ್ನು ಕರೆದುಕೊಂಡು ನಿಟ್ಟೂರಿನ ಬಸ್ಸು ಹತ್ತಿದೆ.

ಬಂಗಾರಮ್ಮ ಹೊಸ ಮನೆಯ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾದಳು. "ಎಂತ ಅಯ್ಯಾ? ಹಿರಿಯಂಗೆ ಎಂತಾದ್ರೂ ಆತಾ?"

"ಏನಿಲ್ಲಮ್ಮಾ. ಮೊದಲ ಸಲ ಬಂದಾಗ ನೀವು ಬಲಗಡೆಯ ಕಲ್ಲಿನ ಮುಂದೆ ಕೂತ್ರಿ. ಯಾಕೆ?"

"ತಪ್ಪಾತು. ನೋಡ್ಲಿಲ್ಲ."

"ತಪ್ಪಲ್ಲ. ಯಾಕೆ ಅದು ಅನ್ನಿಸ್ತು?"

ಅವಳು ಕೈಗೆ ಅಂಟಿದ ಭತ್ತ ಕೊಡವಿಕೊಂಡಳು. "ಈಗ ಕೇಳಿದ್ರೆ ನಾ ಎಂತ ಹೇಳ್ಲಿ? ನನ್ನ ತಲೇಲಿ ಈಗ ಆ ಎಡಗಡೆದೇ ಕೂತದೆ. ಊರಲ್ಲಿದ್ದ ಹಿರಿಯನ್ನ ನೆನ್ಸಿದ್ರೂ ಅದೇ ಮುಖ ಬತ್ತದೆ."

ಓದಿದವನು ಓದದವಳಿಗೆ ಮಾಡಬಹುದಾದ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ಅವಳ ಊರನ್ನು ಅಣೆಕಟ್ಟಿನ ನೀರು ತೆಗೆದುಕೊಂಡಿತ್ತು. ಆ ಊರಿನ ಚಿತ್ರವನ್ನು ನನ್ನ ಹಲಗೆ ತೆಗೆದುಕೊಂಡಿತ್ತು.

ಇಲ್ಲಿಂದ ಮುಂದಿನದನ್ನು ನಾನು ಅತಿ ಎಚ್ಚರದಿಂದ ಬರೆಯಬೇಕು. ಕಲ್ಲಿನ ಹಿಂಭಾಗದ ಮಾತು ಬಂತು. ಹೊಳೆಕೊಪ್ಪದಲ್ಲಿ ಕೊಯ್ಲಿಗೆ ಇಳಿಯುವ ದಿನ ಪ್ರತಿ ಮನೆಯವರೂ ತಮ್ಮ ಕತ್ತಿಯನ್ನು ಹಿರಿಯನ ಬೆನ್ನಿಗೆ ಒಂದು ಸಲ ತಿಕ್ಕಿ ಗದ್ದೆಗೆ ಹೋಗುತ್ತಿದ್ದರು. ತಲೆಮಾರುಗಳಿಂದ ತಿಕ್ಕಿ ತಿಕ್ಕಿ ಅಲ್ಲಿ ನುಣುಪಾದ ಒಂದು ಕುಳಿ ಬಿದ್ದಿತ್ತು. "ನನ್ನ ಅಂಗೈ ಸಮಾ ಕೂರ್ತಿತ್ತು" ಎಂದು ಬಂಗಾರಮ್ಮ ಗಾಳಿಯಲ್ಲಿ ಕೈ ಬಗ್ಗಿಸಿ ತೋರಿಸಿದಳು. ಇದಿಷ್ಟು ನಿಜ. ಆದರೆ ಆ ಮಾತನ್ನು ಮೊದಲು ತೆಗೆದವರು ಯಾರು? ಅವಳೇ ತಾನಾಗಿ ಹೇಳಿದಳೆಂದು ನಾನು ಬಹಳ ವರ್ಷ ನಂಬಿದ್ದೆ. ಆಮೇಲೆ, ಹಿಂದುಗಡೆ ಏನಾದರೂ ಇತ್ತೇ ಎಂದು ನಾನು ಕೇಳಿದ್ದೂ ನೆನಪಾಗತೊಡಗಿತು. ಇನ್ನೂ ಆಮೇಲೆ ಮಂಜಪ್ಪನ ದನಿ: "ಕತ್ತಿ ತಿಕ್ತಿದ್ರಾ ಅಮ್ಮಾ? ನಮ್ ಕಡೇನೂ ಹಾಂಗೇ." ಈ ಮಾತು ಅವಳು ಹೇಳುವ ಮೊದಲು ಬಂತೋ, ಹೇಳಿದ ಮೇಲೆ ಬಂತೋ? ಮೊದಲು ಬಂದಿದ್ದರೆ ಅವಳ ಸಾಕ್ಷಿಗೆ ಬೆಲೆ ಇಲ್ಲ. ಆಮೇಲೆ ಬಂದಿದ್ದರೂ 'ನಮ್ ಕಡೇನೂ' ಎಂಬ ಮಾತು ನನ್ನ ಕಿವಿಗೆ ಬಿದ್ದು, ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ತುಮರಿಯ ಕಡೆ ತಿಕ್ಕುತ್ತಿದ್ದರೆ ಬೆಟ್ಟಬೈಲಿನಲ್ಲಿ ಯಾಕೆ ತಿಕ್ಕಿರಬಾರದು?

ಆಗ ಇದು ಹೊಳೆಯಲಿಲ್ಲ. ಅಥವಾ ಹೊಳೆಯುವುದು ನನಗೆ ಬೇಡವಾಗಿತ್ತು.

ಮ್ಯೂಸಿಯಂಗೆ ವಾರದ ರಜೆ ಇದ್ದ ದಿನ, ಪಾರ್ಕಿನಲ್ಲಿ ಜನವಿಲ್ಲದ ಮಧ್ಯಾಹ್ನ, ಮಂಜಪ್ಪ ಉಳಿ ಸುತ್ತಿಗೆ ಹಿಡಿದು ಬಲಗಡೆಯ ಕಲ್ಲಿನ ಸಿಮೆಂಟು ಬಿಡಿಸಿದ. ಸನ್ನೆಕೋಲು ಹಾಕಿ ಒಂದು ಗೇಣು ಮುಂದೆ ವಾಲಿಸಿದೆವು. ನಾನು ಹಿಂದಕ್ಕೆ ಕೈ ಹಾಕಿದೆ. ಒರಟು ಕಲ್ಲು, ಒರಟು ಕಲ್ಲು, ಆಮೇಲೆ ಒಮ್ಮೆಲೇ ನುಣುಪು. ನನ್ನ ಅಂಗೈ ಕುಳಿಯೊಳಗೆ ಕೂತಿತು.

"ಅದೆ!" ಎಂದು ಕೂಗಿದೆ. ಮಂಜಪ್ಪನೂ ಮುಟ್ಟಿ ನೋಡಿದ. ಅವನ ಮುಖದಲ್ಲಿ ನನ್ನಷ್ಟು ಸಂತೋಷ ಕಾಣಲಿಲ್ಲ.

"ಆ ಕಡೆದನ್ನೂ ಬಿಡಿಸಿ ನೋಡಣಾ ಸಾರ್? ಹೊತ್ತದೆ."

"ಬೇಡ, ಸಾಕು. ಲಾರಿಯವರು ಬಂದು ಬಿಡಿಸ್ತಾರೆ."

ಹೊತ್ತಿತ್ತು. ಉಳಿ ಅವನ ಕೈಯಲ್ಲೇ ಇತ್ತು. ಬಿ.ಎ. ಮೊದಲ ವರ್ಷದ ಹುಡುಗನಿಗೂ ಗೊತ್ತಿರುವ ಮಾತು: ಒಂದರಲ್ಲಿ ಗುರುತು ಸಿಕ್ಕಿದರೆ ಸಾಲದು, ಇನ್ನೊಂದರಲ್ಲಿ ಇಲ್ಲವೆಂದೂ ನೋಡಬೇಕು. ಅಲ್ಲೂ ಕುಳಿ ಇದ್ದರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಆಗ ಸಾಹೇಬರ ಮುಂದೆ ನಿಂತು, ನನಗೆ ಗೊತ್ತಿಲ್ಲ ಎನ್ನಬೇಕಾಗುತ್ತಿತ್ತು. ಅದಕ್ಕೆ ನೋಡಲಿಲ್ಲ.

ಅವತ್ತೇ ಹಲಗೆಗಳನ್ನು ಅದಲು ಬದಲು ಮಾಡಿದೆ. ಬದಿಯ ಕಪ್ಪು ನಂಬರುಗಳನ್ನು ಸೀಮೆಎಣ್ಣೆ ಹಾಕಿ ಒರೆಸಿ ಹೊಸದಾಗಿ ಬರೆದೆ. ಸಾಹೇಬರಿಗೆ ಒಂದಕ್ಷರ ತಿಳಿಸಲಿಲ್ಲ. ಆದೇಶದಲ್ಲಿ ಬೆಟ್ಟಬೈಲಿನ ಕಲ್ಲು ಎಂದಿತ್ತು. ಬೆಟ್ಟಬೈಲು ಎಂಬ ಹಲಗೆ ಈಗ ಎಡಗಡೆ ಇತ್ತು. ಲಾರಿ ಬಂದ ಬೆಳಿಗ್ಗೆ ನಾನು ಒಳಗೆ ಕೂತು ಕಾಗದಪತ್ರ ಬರೆದೆ. ನಾಲ್ಕು ಸಾಲಿನ ಕಾಗದವನ್ನು ಒಂದು ಗಂಟೆ ಬರೆದೆ. ಹೊರಗೆ ಉಳಿಯ ಸದ್ದು, ಆಳುಗಳ ಕೂಗು, ಗೋಣಿ ಹೊಲಿಯುವ ಮಾತು ಎಲ್ಲ ಕೇಳುತ್ತಿತ್ತು. ಲಾರಿ ಹೊರಟ ಮೇಲೆ ಮಂಜಪ್ಪ ಬಂದು ಮೇಜಿನ ಮುಂದೆ ನಿಂತ.

"ಸಾರ್..."

"ಏನು?"

ಅವನು ನನ್ನ ಮುಖ ನೋಡಿದ. "ಎಂತಿಲ್ಲ ಸಾರ್" ಎಂದು ಪೊರಕೆ ತೆಗೆದುಕೊಂಡು ಹೊರಗೆ ಹೋದ.

ನಾನು ಕರೆದು ಕೇಳಲಿಲ್ಲ. ಅಲ್ಲಿಂದ ಮುಂದೆ ಏಳು ವರ್ಷ ನಾವಿಬ್ಬರೂ ಅದೇ ಕಟ್ಟಡದಲ್ಲಿ ಕೆಲಸ ಮಾಡಿದೆವು. ಒಂದು ದಿನವೂ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಈಗ ಅವನಿಲ್ಲ.

ಆ ವರ್ಷ ಹೊಸ ತೆನೆ ತಂದ ಬಂಗಾರಮ್ಮನನ್ನು ನಾನೇ ಬಲಗಡೆಯ ಕಲ್ಲಿನ ಮುಂದೆ ಕೂರಿಸಿದೆ. "ನೀವು ಮೊದಲು ಹೇಳಿದ್ದೇ ಸರಿ. ಬೋರ್ಡು ತಪ್ಪಾಗಿತ್ತು" ಎಂದೆ. ಅವಳು ಸಂತೋಷಪಡುತ್ತಾಳೆಂದು ಎಣಿಸಿದ್ದೆ. ಅವಳು ಎಡಗಡೆಯ ಖಾಲಿ ಜಾಗ ನೋಡಿದಳು. "ಹಾಂಗಾದ್ರೆ ಅಷ್ಟು ವರ್ಷ ನಾ ಎಡೆ ಇಟ್ಟಿದ್ದು ಯಾರಿಗೆ?"

"ಬೆಟ್ಟಬೈಲಿನವರಿಗೆ."

"ಅವ್ರು ಈಗೆಲ್ಲಿ?"

"ಬೆಂಗಳೂರಿಗೆ ಹೋದರು."

"ಅಲ್ಲಿ ಯಾರದಾರೆ ಇಡಕ್ಕೆ?" ಎಂದಳು. ನನ್ನ ಕೆಲಸ ಆ ತಿಂಗಳೇ ಕಾಯಂ ಆಯಿತು.

ನಿವೃತ್ತನಾದ ಮೇಲೆ ಒಮ್ಮೆ ಬೆಂಗಳೂರಿಗೆ ಹೋದಾಗ ಟಿಕೆಟ್ ತೆಗೆದು ಆ ದೊಡ್ಡ ಮ್ಯೂಸಿಯಂ ಒಳಗೆ ಹೋದೆ. ಕಲ್ಲುಗಳ ಕೋಣೆ ಕೊನೆಯಲ್ಲಿತ್ತು. ಅವರು ಕಲ್ಲನ್ನು ಪೀಠದ ಮೇಲೆ, ಗೋಡೆಯಿಂದ ಸ್ವಲ್ಪ ಬಿಡಿಸಿ ನಿಲ್ಲಿಸಿದ್ದರು. 'ಬೆಟ್ಟಬೈಲು, ಸಾಗರ ತಾಲ್ಲೂಕು' ಎಂದು ಅಚ್ಚಿನ ಅಕ್ಷರ. ಕಾವಲಿನವನು ಶಾಲೆಯ ಮಕ್ಕಳ ಹಿಂದೆ ಪಕ್ಕದ ಕೋಣೆಗೆ ಹೋಗಿದ್ದ. ನಾನು ಗೋಡೆಗೆ ಭುಜ ಒತ್ತಿ ಹಿಂದಕ್ಕೆ ಕೈ ತೂರಿಸಿದೆ. ಒರಟು ಕಲ್ಲು. ಇನ್ನೂ ಸ್ವಲ್ಪ ಕೆಳಗೆ ಇಳಿಸಿದೆ. ನುಣುಪು. ಅಂಗೈ ಕೂತಿತು.

"ಯಜಮಾನ್ರೇ, ಮುಟ್ಟಂಗಿಲ್ಲ" ಎಂಬ ದನಿ ಕೇಳಿ ಕೈ ತೆಗೆದೆ. ಹೊರಗೆ ಬಂದ ಮೇಲೆ ಬೇರೆ ಚಿಂತೆ ಹಿಡಿಯಿತು. ಈ ಕುಳಿ ಆಳವೋ, ಸಾಗರದ್ದು ಆಳವೋ? ಅಂಗೈ ಸರಿಯಾಗಿ ಕೂತದ್ದು ಯಾವುದರಲ್ಲಿ? ಹೆಂಗಸಿನ ಅಂಗೈ ನನ್ನದಕ್ಕಿಂತ ಚಿಕ್ಕದಲ್ಲವೇ? ಮೂವತ್ತು ವರ್ಷಕ್ಕೂ ಹಿಂದಿನ ಒಂದು ಸ್ಪರ್ಶವನ್ನು ಇವತ್ತಿನ ಸ್ಪರ್ಶದ ಪಕ್ಕದಲ್ಲಿಟ್ಟು ಅಳೆಯುವುದು ಹೇಗೆ?

ಕಳೆದ ತಿಂಗಳು ಸಾಗರಕ್ಕೆ ಹೋಗಿದ್ದೆ. ಪಾರ್ಕಿನಲ್ಲಿ ರೇಡಿಯೊ ಇಲ್ಲ. ಮ್ಯೂಸಿಯಂ ಇದೆ. ಈಗ ಅಲ್ಲಿರುವವರು ಚುರುಕಿನ ತರುಣರು, ನನಗಿಂತ ಚೆನ್ನಾಗಿ ಓದಿದವರು. ಕಲ್ಲಿನ ಮುಂದೆ ಒಣಗಿದ ತೆನೆಯಿತ್ತು. ಕೇಳಿದೆ. ಬಂಗಾರಮ್ಮ ತೀರಿಕೊಂಡು ಬಹಳ ವರ್ಷವಾಗಿದೆ. ಈರಪ್ಪ ಈಗಲೂ ವರ್ಷಕ್ಕೊಮ್ಮೆ ಬರುತ್ತಾನೆ, ಸೊಸೆ ಮೊಮ್ಮಕ್ಕಳನ್ನೂ ಕರೆತರುತ್ತಾನೆ.

ಆ ತರುಣರಿಗೆ ಹೇಳಿದೆ: "ಈ ಲೇಬಲ್ಲಿನಲ್ಲಿ ಹೊಳೆಕೊಪ್ಪ ಅನ್ನೋದರ ಹಿಂದೆ 'ಬಹುಶಃ' ಅಂತ ಒಂದು ಪದ ಸೇರಿಸಿ."

"ಯಾಕೆ ಸಾರ್? ನೀವೇ ಬರೆದ ಲೇಬಲ್ ಅಲ್ವಾ?"

"ಹೌದು. ಖಚಿತ ಇಲ್ಲ."

ಅವರು ಮರ್ಯಾದೆಯಿಂದಲೇ ಮಾತಾಡಿದರು. "ಸಾರ್, ಫೈಲಿನಲ್ಲಿ ಎಲ್ಲ ಕಡೆ ಹೊಳೆಕೊಪ್ಪ ಅಂತಲೇ ಇದೆ. ಸುಮ್ಮನೆ ಬದಲಾಯಿಸೋಕೆ ಬರಲ್ಲ. ನೀವು ಏನಾಯ್ತು ಅಂತ ಬರೆದು ಸಹಿ ಮಾಡಿ ಕೊಟ್ಟರೆ ಫೈಲಿಗೆ ಸೇರಿಸ್ತೀವಿ. ಆಮೇಲೆ ನೋಡೋಣ."

ಸರಿಯಾದ ಮಾತು. ಆ ವಯಸ್ಸಿನಲ್ಲಿ ನಾನು ಕೇಳಬೇಕಾಗಿದ್ದದ್ದೂ ಅದನ್ನೇ. ಹಾಗಾಗಿ ಇದನ್ನು ಬರೆದೆ. ಎರಡು ಪ್ರತಿ ಮಾಡಿದ್ದೇನೆ. ಸಾಗರದ ಪ್ರತಿಗೆ ಸಹಿ ಹಾಕಿ ನಿನ್ನೆ ಅಂಚೆಗೆ ಹಾಕಿದೆ. ಇನ್ನೊಂದು ನಿಟ್ಟೂರಿನ ಈರಪ್ಪನಿಗೆ. ಲಕೋಟೆಯ ಮೇಲೆ ಅವನ ಹೆಸರು ಬರೆದಾಗಿದೆ. ಅದು ತಲುಪಿದ ದಿನ ಅವನ ಮೊಮ್ಮಕ್ಕಳು ತೆನೆ ಹಿಡಿದು ಯಾವ ಕಡೆ ತಿರುಗಬೇಕು ಎಂದು ಅವನು ನನ್ನನ್ನು ಕೇಳುತ್ತಾನೆ. ಗೊತ್ತಿಲ್ಲ ಎಂದು ಈ ಸಲ ನಾನೇ ಹೋಗಿ, ಅವನ ಅಂಗಳದಲ್ಲಿ ನಿಂತು ಹೇಳಬೇಕು. ಲಕೋಟೆಯನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ.